ಬೆಣೆಯ ಬಾಯಲ್ಲಿ ಹುಟ್ಟುವ ಬಿಲ್ಲು

ಅಮೆರಿಕದ ಕಾನ್ಸಸ್, ಮಿಸೌರಿ, ಒಕ್ಲಹೋಮ ಸೀಮೆಯಲ್ಲಿ ಹೊಲದ ಬದುಗಳ ಗುಂಟ ಒಂದು ಮುಳ್ಳುಮರ ಸಾಲಾಗಿ ನಿಂತಿರುತ್ತದೆ. ಕೊಂಬೆ ಮುರಿದರೆ ಹಾಲು ಒಸರುತ್ತದೆ. ಅಕ್ಟೋಬರ್ ಹೊತ್ತಿಗೆ ದೊಡ್ಡ ಮೂಸಂಬಿ ಗಾತ್ರದ, ಮೈಯೆಲ್ಲ ಸುಕ್ಕುಗಟ್ಟಿದ ಹಸಿರು ಕಾಯಿಗಳು ದೊಪದೊಪನೆ ಉದುರುತ್ತವೆ; ಬಾಯಿಗಿಡಲು ಆಗದ ಕಾಯಿ. ಮುಳ್ಳು ಟ್ರ್ಯಾಕ್ಟರಿನ ಟೈರನ್ನೂ ಬಿಡುವುದಿಲ್ಲ. ಹೀಗಾಗಿ ಅಲ್ಲಿನ ಎಷ್ಟೋ ರೈತರಿಗೆ ಈ ಮರ ಒಂದು ಪೀಡೆ. ಬುಲ್ಡೋಜರ್ ತರಿಸಿ ಬುಡಸಮೇತ ಕೀಳಿಸುತ್ತಾರೆ, ರಾಶಿ ಹಾಕಿ ಸುಡುತ್ತಾರೆ. ಆ ರಾಶಿಗೆ ಬೆಂಕಿ ಬೀಳುವ ಮೊದಲೇ ಗರಗಸ, ಬೆಣೆ, ಸುತ್ತಿಗೆ ಹಿಡಿದು ಬಂದು ಎರಡು ದಿಮ್ಮಿ ಕೊಡುತ್ತೀರಾ ಎಂದು ಕೇಳುವವರು ಯಾರಾದರೂ ಇದ್ದರೆ, ಅವರು ಬಿಲ್ಲು ಮಾಡುವವರು. ಮರದ ಬಿಲ್ಲು ಮಾಡುವವರ ಲೋಕದಲ್ಲಿ ಈ ಓಸೇಜ್ ಆರೆಂಜ್‌ಗೆ ಸಾಟಿಯಾದ ಮರ ಇನ್ನೊಂದಿಲ್ಲ ಎಂಬ ಮಾತಿದೆ. ಇಂಗ್ಲೆಂಡಿನ ಯೂ ಮರದ ಅಭಿಮಾನಿಗಳು ಮಾತ್ರ ಇದನ್ನು ಒಪ್ಪಲಿಕ್ಕಿಲ್ಲ.

ಹೆಸರಿನಲ್ಲಿ ಆರೆಂಜ್ ಇದ್ದರೂ ಕಿತ್ತಳೆಗೂ ಇದಕ್ಕೂ ನಂಟಿಲ್ಲ. ಇದು ನಮ್ಮ ಹಲಸು, ಹಿಪ್ಪುನೇರಳೆ, ಆಲ, ಅತ್ತಿಗಳ ಕುಲದ್ದು; ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಮೊರೇಸಿ ಕುಟುಂಬ. ಹಲಸಿನ ಮರ ಕೊಯ್ದಾಗ ಕಾಣುವ ಅರಿಶಿನ ಬಣ್ಣ ಇದರ ಚೇಗಿನಲ್ಲೂ ಇದೆ, ಇನ್ನೂ ಗಾಢವಾಗಿ. ಎರಡರಲ್ಲೂ ಇರುವುದು ಮೋರಿನ್ ಎಂಬ ಒಂದೇ ಬಣ್ಣದ ವಸ್ತು. ಹಲಸಿನ ಚೇಗನ್ನು ಕುದಿಸಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟುವುದು ಹಳೆಯ ಪದ್ಧತಿ. ಓಸೇಜ್ ಮರದ ಬಣ್ಣ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರ ಖಾಕಿಗೆ ಹೋಯಿತು. ಆಗತಾನೇ ಸೀಳಿದ ದಿಮ್ಮಿಯ ಹಳದಿ ಕಣ್ಣಿಗೆ ಹೊಡೆಯುವಂತಿರುತ್ತದೆ. ಬೆಳಕು ಕಂಡಂತೆಲ್ಲ ಅದು ಮಾಗಿ, ವರ್ಷಗಳಲ್ಲಿ ಕಡುಗಂದಾಗುತ್ತದೆ.

ಮೂಲದಲ್ಲಿ ಇದು ಟೆಕ್ಸಸ್, ಒಕ್ಲಹೋಮ, ಅರ್ಕಾನ್ಸಾ ರಾಜ್ಯಗಳು ಕೂಡುವಲ್ಲಿ, ರೆಡ್ ನದಿಯ ಆಸುಪಾಸಿನ ಚಿಕ್ಕ ಸೀಮೆಯಲ್ಲಿ ಮಾತ್ರ ಇದ್ದ ಮರ. ಅಲ್ಲಿಂದ ಬಿಲ್ಲಾಗಿ, ಬಿಲ್ಲಿನ ಸೀಳಾಗಿ ಮೂಲನಿವಾಸಿಗಳ ಕೈಯಿಂದ ಕೈಗೆ ಬಹುದೂರ ಸಾಗುತ್ತಿತ್ತು. 1804ರಲ್ಲಿ ಮೆರಿವೆದರ್ ಲೂಯಿಸ್ ತನ್ನ ಪ್ರಸಿದ್ಧ ಪ್ರವಾಸಕ್ಕೆ ಹೊರಡುವ ಮುನ್ನ ಸೇಂಟ್ ಲೂಯಿಸ್‌ನಿಂದ ಇದರ ಕಡ್ಡಿಗಳನ್ನು ಅಧ್ಯಕ್ಷ ಜೆಫರ್ಸನ್‌ಗೆ ಕಳಿಸಿದ. ಕೆಲವು ವರ್ಷಗಳ ಬಳಿಕ ಮಿಸೌರಿ ನದಿಯಲ್ಲಿ ಮೇಲಕ್ಕೆ ಪಯಣಿಸಿದ ಸಸ್ಯಶಾಸ್ತ್ರಜ್ಞ ಜಾನ್ ಬ್ರಾಡ್ಬರಿ, ಅರಿಕಾರ ಜನರ ನಡುವೆ ಈ ಮರದ ಒಂದು ಬಿಲ್ಲಿಗೆ ಒಂದು ಕುದುರೆ ಮತ್ತು ಒಂದು ಕಂಬಳಿ ಬೆಲೆ ಎಂದು ಬರೆದಿಟ್ಟ. ಮರವೇ ಬೆಳೆಯದ ಊರಿನಲ್ಲಿ ಬಿಲ್ಲಿಗಿದ್ದ ಬೆಲೆ ಅದು.

ಮುಂದೆ ಬಯಲುಸೀಮೆಗೆ ಬಂದು ನೆಲೆಸಿದ ಬಿಳಿಯ ರೈತರು ಇದನ್ನು ಬೇಲಿಗೆಂದು ಮೈಲಿಗಟ್ಟಲೆ ನೆಟ್ಟರು. ಕುದುರೆ ಹಾರದಷ್ಟು ಎತ್ತರ, ಗೂಳಿ ನುಗ್ಗದಷ್ಟು ಗಟ್ಟಿ, ಹಂದಿ ತೂರದಷ್ಟು ಒತ್ತು ಎಂಬುದು ಆ ಬೇಲಿಯ ಖ್ಯಾತಿ. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಜೀವಂತ ಬೇಲಿಯ ಕಾಲ ಮುಗಿಯಿತು. ತಮಾಷೆಯೆಂದರೆ ಆ ತಂತಿ ಬಿಗಿಯಲು ಬೇಕಾದ ಕಂಬಗಳಿಗೂ ಇದೇ ಮರ ಬಂತು, ಏಕೆಂದರೆ ನೆಲದಲ್ಲಿ ಹೂತರೂ ಇದು ದಶಕಗಳ ಕಾಲ ಕೊಳೆಯುವುದಿಲ್ಲ. 1930ರ ದಶಕದ ಧೂಳುಗಾಳಿಯ ಕಾಲದಲ್ಲಿ ರೂಸ್‌ವೆಲ್ಟ್ ಸರ್ಕಾರ ನೆಡಿಸಿದ ಗಾಳಿತಡೆ ಸಾಲುಗಳಲ್ಲೂ ಇದು ಸೇರಿತು. ಇಂದಿನ ಬಿಲ್ಲುಗಾರರು ಕಡಿಯುತ್ತಿರುವುದು ಬಹುಮಟ್ಟಿಗೆ ಅಂಥ ಬೇಲಿಮರಗಳ ಪೀಳಿಗೆಯನ್ನೇ. ಬಿಲ್ಲಿಗಾಗಿ ಯಾರೂ ಅದನ್ನು ನೆಟ್ಟಿರಲಿಲ್ಲ.

ಮರ ಕಡಿದು ಕೊಯ್ಯಲು ಇಷ್ಟೊಂದು ಯಂತ್ರಗಳಿರುವಾಗ ಬೆಣೆ ಹೊಡೆದು ಸೀಳುವುದೇಕೆ? ಸಾಮಿಲ್‌ಗೆ ಹಾಕಿದರೆ ಹತ್ತು ನಿಮಿಷದಲ್ಲಿ ನೇರವಾದ ಪಟ್ಟಿಗಳು ಸಿಗುತ್ತವಲ್ಲ? ಸಿಗುತ್ತವೆ. ಆದರೆ ನೇರವಾಗಿರುವುದು ಗರಗಸದ ಗೆರೆ, ಮರದ ನಾರಲ್ಲ.

ಹೆದೆ ಎಳೆದಾಗ ಬಿಲ್ಲಿನ ಹೊರಮೈ, ಅಂದರೆ ಗುರಿಯ ಕಡೆಗಿರುವ ಬೆನ್ನು, ಹಿಗ್ಗಬೇಕು. ಬಿಲ್ಲುಗಾರನ ಕಡೆಗಿರುವ ಹೊಟ್ಟೆ ಕುಗ್ಗಬೇಕು. ಹಿಗ್ಗುವುದು ನೂರಕ್ಕೆ ಒಂದು ಪಾಲಿನ ಆಸುಪಾಸು, ಅಷ್ಟೇ. ಆದರೆ ಮರದ ಮಟ್ಟಿಗೆ ಅದು ಮುರಿಯುವ ಅಂಚು. ಮನೆಯ ತೊಲೆಯನ್ನು ಯಾರೂ ಆ ಅಂಚಿಗೆ ಒಯ್ಯುವುದಿಲ್ಲ, ಕುರ್ಚಿಯ ಕಾಲನ್ನೂ ಒಯ್ಯುವುದಿಲ್ಲ. ಬಿಲ್ಲನ್ನು ಮಾತ್ರ ಪ್ರತಿ ಬಾಣಕ್ಕೂ ಅಲ್ಲಿಗೆ ಒಯ್ದು ವಾಪಸು ತರುತ್ತೇವೆ. ನಾರಿನ ಉದ್ದಕ್ಕೆ ಎಳೆದಾಗ ಮರಕ್ಕಿರುವ ತಾಳಿಕೆ, ನಾರಿಗೆ ಅಡ್ಡಲಾಗಿ ಎಳೆದಾಗ ಇರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ನಾರುಗಳು ತುದಿಯಿಂದ ತುದಿಗೆ ಕಡಿಯದೆ ಓಡಿದ್ದರೆ ಅಷ್ಟೂ ಶಕ್ತಿ ನಿಮ್ಮದು. ನಡುವೆ ಎಲ್ಲೋ ನಾರು ಓರೆಯಾಗಿ ಬೆನ್ನಿನ ಮೇಲ್ಮೈಯಿಂದ ಹೊರಗೆ ಜಾರಿದ್ದರೆ, ಬಿಲ್ಲು ಬಾಗಿದಾಗ ಅಲ್ಲೇ ಒಂದು ಚಕ್ಕೆ ಏಳುತ್ತದೆ. ಏಳುವ ಮುನ್ನ ಸೂಚನೆ ಕೊಡುವುದಿಲ್ಲ. ಮರಶಾಸ್ತ್ರದ ಕೈಪಿಡಿಗಳಲ್ಲಿ ಇದರ ಲೆಕ್ಕವೇ ಇದೆ: 10 ಇಂಚು ಉದ್ದಕ್ಕೆ 1 ಇಂಚಿನಂತೆ ನಾರು ಓರೆಯಾದರೆ ಬಾಗುವಾಗಿನ ತಾಳಿಕೆ ಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತದೆ, 5 ಇಂಚಿಗೆ 1 ಇಂಚಾದರೆ ಹೆಚ್ಚುಕಡಿಮೆ ಅರ್ಧವೇ ಹೋಗುತ್ತದೆ.

ಗರಗಸಕ್ಕೆ ಈ ನಾರು ಕಾಣುವುದಿಲ್ಲ. ಬೆಣೆಗೆ ಕಾಣುತ್ತದೆ. ಬೆಣೆ ಮರವನ್ನು ಕತ್ತರಿಸುವುದಿಲ್ಲ, ನಾರು ಮತ್ತು ನಾರಿನ ನಡುವಿನ ದುರ್ಬಲ ಬೆಸುಗೆಯನ್ನು ಬಿಡಿಸುತ್ತದೆ. ಮರ ತಿರುಚಿಕೊಂಡು ಬೆಳೆದಿದ್ದರೆ ಸೀಳೂ ತಿರುಚುತ್ತದೆ, ಹಾವಿನಂತೆ ಹೊರಳಿದ್ದರೆ ಸೀಳೂ ಹೊರಳುತ್ತದೆ. ಸೊಟ್ಟ ಸೀಳಿನಿಂದ ಮಾಡಿದ ಸೊಟ್ಟ ಬಿಲ್ಲು ತಲೆಮಾರು ಬಾಳಬಹುದು. ಅಡ್ಡನಾರಿನ ಹಲಗೆಯಿಂದ ಕೊರೆದ ಚೆಂದದ ಬಿಲ್ಲು ಮೊದಲ ದಿನವೇ ಎರಡು ತುಂಡಾಗಬಹುದು. ನೋಡಲು ನೇರವಿರುವುದಕ್ಕೂ ಗಟ್ಟಿಯಾಗಿರುವುದಕ್ಕೂ ಇಲ್ಲಿ ಸಂಬಂಧವಿಲ್ಲ.

ಆದ್ದರಿಂದ ಕೆಲಸದ ಅರ್ಧ ಪಾಲು ಮರ ನಿಂತಿರುವಾಗಲೇ ಮುಗಿಯಬೇಕು. ಎದೆಮಟ್ಟದಲ್ಲಿ 8ರಿಂದ 12 ಇಂಚು ದಪ್ಪ, ಆರಡಿಯಷ್ಟು ಉದ್ದ ಗಂಟಿಲ್ಲದ ಬೊಡ್ಡೆ ಸಿಕ್ಕರೆ ಅದೃಷ್ಟ. ಓಸೇಜ್‌ನಂಥ ಗೊಂಚಲು ಕೊಂಬೆಯ ಮರದಲ್ಲಿ ಅದು ಅಪರೂಪ. ತೊಗಟೆಯ ಬಿರುಕುಗಳನ್ನು ನೋಡಬೇಕು. ಅವು ಬುಡದಿಂದ ನೆಟ್ಟಗೆ ಮೇಲಕ್ಕೆ ಓಡಿದ್ದರೆ ಒಳಗಿನ ನಾರೂ ನೆಟ್ಟಗಿರುವ ಸಾಧ್ಯತೆ ಹೆಚ್ಚು. ತಿರುಪುಮೊಳೆಯ ಸುರುಳಿಯಂತೆ ಬೊಡ್ಡೆಯನ್ನು ಸುತ್ತಿಕೊಂಡಿದ್ದರೆ ಆ ಮರವನ್ನು ಅದರ ಪಾಡಿಗೆ ಬಿಡುವುದು ಲೇಸು. ಅದರ ಸೀಳು ವಿಮಾನದ ಪ್ರೊಪೆಲ್ಲರಿನಂತೆ ತಿರುಚಿಕೊಂಡು ಬರುತ್ತದೆ. ವಾಲಿದ ಮರವೂ ಸಂಶಯಾಸ್ಪದ. ವಾಲಿದ ಮರ ತನ್ನನ್ನು ತಾನು ಎತ್ತಿ ಹಿಡಿಯಲು ಒಂದು ಪಕ್ಕದಲ್ಲಿ ಬೇರೆ ಬಗೆಯ ಮರವನ್ನೇ ಬೆಳೆಸಿಕೊಳ್ಳುತ್ತದೆ. ಅಗಲೆಲೆಯ ಮರಗಳಲ್ಲಿ ಅದು ಮೇಲ್ಮಗ್ಗುಲಲ್ಲಿ, ಸೂಚಿಪರ್ಣಿಗಳಲ್ಲಿ ಕೆಳಮಗ್ಗುಲಲ್ಲಿ ಇರುತ್ತದೆ. ಸೀಳಿದ ಕೂಡಲೇ ಒಳಗೆ ಬಿಗಿದಿದ್ದ ಒತ್ತಡ ಬಿಚ್ಚಿಕೊಂಡು ಸೀಳು ಬಾಗಿಬಿಡುತ್ತದೆ.

ಕಡಿಯುವುದು ಚಳಿಗಾಲದಲ್ಲಿ. ಎಲೆ ಉದುರಿರುತ್ತದೆ, ಕೊರೆಹುಳುಗಳು ಚಟುವಟಿಕೆ ನಿಲ್ಲಿಸಿರುತ್ತವೆ, ಬಿಸಿಲು ಸೌಮ್ಯವಾಗಿರುತ್ತದೆ. ಈ ಕೊನೆಯದೇ ಮುಖ್ಯ. ದಿಮ್ಮಿ ನೆಲಕ್ಕೆ ಬಿದ್ದ ಗಳಿಗೆಯಿಂದ ಒಣಗಲು ತೊಡಗುತ್ತದೆ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಕತ್ತರಿಸಿದ ತುದಿಗಳಿಂದ ನೀರು ಹೊರಹೋಗುವ ವೇಗ ಪಕ್ಕದ ಮೈಗಿಂತ ಹತ್ತು ಪಟ್ಟಿಗೂ ಹೆಚ್ಚು. ತುದಿ ಒಣಗಿ ಕುಗ್ಗುತ್ತದೆ, ಒಂದು ಗೇಣು ಒಳಗಿನ ಮರ ಇನ್ನೂ ಹಸಿ. ಈ ಜಗ್ಗಾಟದಲ್ಲಿ ತುದಿಯಿಂದ ನಕ್ಷತ್ರದಾಕಾರದ ಬಿರುಕುಗಳು ಒಳಕ್ಕೆ ಓಡುತ್ತವೆ. ಅನುಭವಸ್ಥರು ಮರ ಕಡಿಯಲು ಹೋಗುವಾಗ ಗರಗಸದ ಜೊತೆ ಒಂದು ಡಬ್ಬಿ ಬಿಳಿ ಫೆವಿಕಾಲ್‌ನಂಥ ಅಂಟನ್ನೋ ಹಳೆಯ ಪೇಂಟನ್ನೋ ಒಯ್ಯುತ್ತಾರೆ. ದಿಮ್ಮಿ ಕತ್ತರಿಸಿದ ಸ್ಥಳದಲ್ಲೇ ಎರಡೂ ತುದಿಗೆ ದಪ್ಪಗೆ ಬಳಿಯುತ್ತಾರೆ. ಮನೆಗೆ ತಂದು ಊಟ ಮುಗಿಸಿ ಬಳಿದರಾಯಿತು ಎಂದುಕೊಂಡವರು ಎರಡೂ ಕಡೆ ಅರ್ಧರ್ಧ ಅಡಿ ಕಳೆದುಕೊಳ್ಳುತ್ತಾರೆ. ಆರಡಿಯ ದಿಮ್ಮಿಯಲ್ಲಿ ಒಂದಡಿ ಹೋದರೆ ಉಳಿಯುವುದು ಗಿಡ್ಡ ಬಿಲ್ಲು.

ಇನ್ನು ಸೀಳುವುದು. ದಿಮ್ಮಿಯ ತುದಿಯಲ್ಲಿ ಮೊದಲು ಕಣ್ಣು ಹಾಯಿಸಿ, ಕೂದಲೆಳೆಯಂಥ ಬಿರುಕೇನಾದರೂ ತಿರುಳಿನ ಮೂಲಕ ಹಾದಿದೆಯೇ ಎಂದು ನೋಡುತ್ತಾರೆ. ಇದ್ದರೆ ಮರ ತನಗೆಲ್ಲಿ ಸೀಳಿಕೊಳ್ಳಲು ಇಷ್ಟ ಎಂದು ತಾನೇ ತೋರಿಸಿದಂತಾಯಿತು, ಬೆಣೆ ಅಲ್ಲೇ. ಇಲ್ಲದಿದ್ದರೆ ತಿರುಳಿನ ಮೇಲೆ ಅಡ್ಡಲಾಗಿ ಬೆಣೆಯಿಟ್ಟು ಸಣ್ಣ ಪೆಟ್ಟುಗಳಿಂದ ಗೆರೆ ಮೂಡಿಸುತ್ತಾರೆ. ಮೊದಲ ಬೆಣೆ ಕಚ್ಚಿದ ಮೇಲೆ ಚಮ್ಮಟಿಗೆಯ ಭಾರದ ಪೆಟ್ಟು. ಒಂದು ಹಂತದಲ್ಲಿ ಪೆಟ್ಟಿನ ಸದ್ದು ಬದಲಾಗುತ್ತದೆ, ಅದರ ಹಿಂದೆಯೇ ದಿಮ್ಮಿಯೊಳಗೆ ಚಟಚಟ ಎಂಬ ಸದ್ದು ಉದ್ದಕ್ಕೂ ಓಡುತ್ತದೆ. ಅಡಿಕೆ ಮರ ಸೀಳಿ ದಬ್ಬೆ ಮಾಡಿದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ಅಡಿಕೆ ಒಂದೇ ಉಸಿರಿಗೆ ಬಾಯಿಬಿಡುತ್ತದೆ. ಓಸೇಜ್ ಹಾಗೆ ಸುಲಭಕ್ಕೆ ಬಿಟ್ಟುಕೊಡುವ ಮರವಲ್ಲ. ತುದಿಯಿಂದ ಮೈಮೇಲೆ ಇಳಿದ ಬಿರುಕಿನಲ್ಲಿ ಎರಡನೇ ಬೆಣೆ, ಅದು ಇಳಿದಾಗ ಸಡಿಲವಾದ ಮೊದಲನೆಯದನ್ನು ಕಿತ್ತು ಅದರಾಚೆ ಮೂರನೇ ಜಾಗಕ್ಕೆ. ಹೀಗೆ ಬೆಣೆಗಳು ಒಂದನ್ನೊಂದು ದಾಟುತ್ತ ಇನ್ನೊಂದು ತುದಿ ಮುಟ್ಟುತ್ತವೆ. ಬಾಯಿ ತೆರೆದ ದಿಮ್ಮಿಯೊಳಗೆ ಇಣುಕಿದರೆ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಅಡ್ಡಡ್ಡ ಹಿಡಿದುಕೊಂಡ ಹಳದಿ ಎಳೆಗಳು ಕಾಣುತ್ತವೆ. ಅವನ್ನು ಬೆಣೆಯ ಬಲದಿಂದ ಹರಿದರೆ ಆ ಎಳೆ ಯಾವುದಾದರೂ ಒಂದು ಸೀಳಿನ ಮೈಯನ್ನೇ ಕಿತ್ತುಕೊಂಡು ಹೋಗುತ್ತದೆ. ಕೈಗೊಡಲಿಯನ್ನು ಒಳಗೆ ಇಳಿಬಿಟ್ಟು ಒಂದೊಂದನ್ನೇ ಕಡಿಯಬೇಕು. ಈ ಹೊತ್ತಿನಲ್ಲಿ ಅವಸರ ಮಾಡುವವನು ಸೌದೆ ಸೀಳುತ್ತಿದ್ದಾನೆ, ಬಿಲ್ಲನ್ನಲ್ಲ.

ಸೀಳುವವರಿಗೆ ತಪ್ಪದ ಇನ್ನೊಂದು ನಿಯಮ: ಯಾವಾಗಲೂ ಅರ್ಧಕ್ಕರ್ಧ. ಬೆಣೆಯ ಎರಡೂ ಕಡೆ ಸಮ ದಪ್ಪದ ಮರವಿದ್ದರೆ ಬಿರುಕು ನಡುವೆ ಓಡುತ್ತದೆ. ಒಂದು ಕಡೆ ತೆಳುವಾಗಿದ್ದರೆ ತೆಳುವಾದದ್ದು ಹೆಚ್ಚು ಬಾಗುತ್ತದೆ, ಬಿರುಕು ಆ ಕಡೆಗೇ ಜಾರಿ ಪಕ್ಕದಿಂದ ಹೊರಬೀಳುತ್ತದೆ. ಆದ್ದರಿಂದ ದಿಮ್ಮಿಯನ್ನು ಎರಡು, ಎರಡನ್ನು ನಾಲ್ಕು, ದಪ್ಪವಿದ್ದರೆ ನಾಲ್ಕನ್ನು ಎಂಟು ಮಾಡುತ್ತಾರೆ; ಮೂರು, ಐದು ಎಂದು ಲೆಕ್ಕ ಹಾಕುವುದಿಲ್ಲ. ಕಾಗದದ ಮೇಲೆ 10 ಇಂಚಿನ ದಿಮ್ಮಿಯಿಂದ ಎಂಟು ಬಿಲ್ಲು ಬರಬೇಕು. ನಿಜದಲ್ಲಿ ಎರಡರಲ್ಲಿ ಗಂಟು, ಒಂದರಲ್ಲಿ ತಿರುಚು, ಇನ್ನೊಂದರಲ್ಲಿ ಹುಳ ಕೊರೆದ ದಾರಿ ಸಿಗುತ್ತದೆ. ನಾಲ್ಕು ಸಿಕ್ಕರೆ ಸಂತೋಷಪಡಬೇಕು. ಆ ಹಸಿ ದಿಮ್ಮಿ ಸುಮಾರು 90 ಕೆ.ಜಿ. ತೂಗುತ್ತದೆ, ಮುಗಿದ ಬಿಲ್ಲೊಂದು ಮುಕ್ಕಾಲು ಕೆ.ಜಿ.ಯ ಆಸುಪಾಸು. ಉಳಿದದ್ದೆಲ್ಲ ಸಿಬರು, ಚಕ್ಕೆ, ಒಲೆಗೆ ಹೋಗುವ ಹಳದಿ ಪುಡಿ.

ದಿಮ್ಮಿಯನ್ನು ದುಂಡಗೇ ಒಣಗಲು ಬಿಟ್ಟು ಆಮೇಲೆ ಸೀಳಬಾರದೇ ಎಂಬ ಪ್ರಶ್ನೆ ಸಹಜ. ಉತ್ತರ ಮರ ಕುಗ್ಗುವ ಬಗೆಯಲ್ಲಿದೆ. ಹಸಿಮರದೊಳಗಿನ ನೀರಿನ ಪ್ರಮಾಣ ಒಣಮರದ ತೂಕದ ಶೇ 30ರ ಹತ್ತಿರಕ್ಕೆ ಇಳಿಯುವ ತನಕ ಮರ ಕುಗ್ಗುವುದೇ ಇಲ್ಲ, ಏಕೆಂದರೆ ಅದುವರೆಗೆ ಹೋಗುವುದು ಕೋಶಗಳ ಪೊಳ್ಳಿನಲ್ಲಿ ತುಂಬಿಕೊಂಡ ನೀರು. ಆಮೇಲೆ ಕೋಶದ ಗೋಡೆಯಲ್ಲೇ ಸೇರಿಕೊಂಡ ನೀರು ಹೊರಡುತ್ತದೆ, ಆಗ ಕುಗ್ಗುವಿಕೆ ಶುರು. ಉದ್ದದಲ್ಲಿ ಮರ ಬಹುತೇಕ ಕುಗ್ಗುವುದಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ ಕುಗ್ಗುತ್ತದೆ. ಉಂಗುರಗಳ ಸುತ್ತಳತೆಯಲ್ಲಿ ಅದರ ಸುಮಾರು ಎರಡರಷ್ಟು ಕುಗ್ಗುತ್ತದೆ. ಸುತ್ತಳತೆ ಹೆಚ್ಚು ಕುಗ್ಗಬೇಕು, ಒಳಗಿನ ಅಗಲ ಅಷ್ಟು ಕುಗ್ಗಲು ಒಪ್ಪುವುದಿಲ್ಲ ಎಂದಾದರೆ ದುಂಡು ದಿಮ್ಮಿಗೆ ಉಳಿದ ದಾರಿ ಒಂದೇ: ತೊಗಟೆಯಿಂದ ತಿರುಳಿನ ತನಕ ಒಂದು ದೊಡ್ಡ ಬಿರುಕು ಬಿಡುವುದು. ನಾವು ಸೀಳದಿದ್ದರೆ ಅದು ತಾನೇ ಸೀಳಿಕೊಳ್ಳುತ್ತದೆ, ಎಲ್ಲಿ ಎಂದು ಮಾತ್ರ ನಮ್ಮನ್ನು ಕೇಳುವುದಿಲ್ಲ. ನಾಲ್ಕು ಭಾಗ ಮಾಡಿದ ಸೀಳಿಗೆ ಆ ಬಿಕ್ಕಟ್ಟಿಲ್ಲ. ಅದು ನಿರಾಳವಾಗಿ ಕುಗ್ಗುತ್ತದೆ.

ಒಣಗಿಸುವ ಕಥೆ ಸಣ್ಣದು, ಸಮಯ ಮಾತ್ರ ದೊಡ್ಡದು. ನೆರಳು, ಗಾಳಿ, ನೆಲದಿಂದ ಎತ್ತರ. ದಪ್ಪದ ಒಂದು ಇಂಚಿಗೆ ಒಂದು ವರ್ಷ ಎಂಬುದು ಹಳೆಯ ಬಡಗಿ ಲೆಕ್ಕ. ಆತುರದವರು ಸೀಳನ್ನು ಬಿಲ್ಲಿನ ಸ್ಥೂಲ ಆಕಾರಕ್ಕೆ ತೆಳುಗೊಳಿಸಿ ಬೇಗ ಒಣಗಿಸುತ್ತಾರೆ. ತೂಕದ ಯಂತ್ರದ ಮೇಲಿಟ್ಟು ವಾರವಾರ ಬರೆದಿಟ್ಟುಕೊಂಡು, ತೂಕ ಇಳಿಯುವುದು ನಿಂತಾಗ ಒಣಗಿತು ಎಂದು ತಿಳಿಯುವುದು ನನಗೆ ಕಂಡಂತೆ ಎಲ್ಲಕ್ಕಿಂತ ಪ್ರಾಮಾಣಿಕ ವಿಧಾನ. ನೀರಿನಂಶ ಶೇ 8ರಿಂದ 10ರ ನಡುವೆ ನಿಲ್ಲಬೇಕು. ಹೆಚ್ಚಿದ್ದರೆ ಬಿಲ್ಲು ಬಾಗಿದಲ್ಲೇ ಬಾಗಿ ಉಳಿಯುತ್ತದೆ, ತೀರಾ ಕಡಿಮೆಯಾದರೆ ಗಾಜಿನಂತೆ ಮುರಿಯುತ್ತದೆ.

ಆಮೇಲಿನದು ನೋಡಲು ಕೂತರೆ ಎದ್ದೇಳಲು ಮನಸ್ಸಾಗದ ಕೆಲಸ. ಓಸೇಜ್‌ನ ತೊಗಟೆಯಡಿ ಒಂದಿಷ್ಟು ಬಿಳಿಮರ, ಅದರಡಿ ಹಳದಿ ಚೇಗು. ಬಿಲ್ಲಿನ ಬೆನ್ನು ಚೇಗಿನದೇ ಆಗಬೇಕು, ಅದೂ ಒಂದೇ ವರ್ಷದ ಉಂಗುರದ್ದು, ಈ ತುದಿಯಿಂದ ಆ ತುದಿಯವರೆಗೆ. ಈ ಮರದ ಪ್ರತಿ ಉಂಗುರದಲ್ಲಿ ಎರಡು ಪದರಗಳಿವೆ. ವಸಂತದ ಚಿಗುರಿನ ಹೊತ್ತಿಗೆ ಮರ ನೀರು ಸಾಗಿಸುವ ಅವಸರದಲ್ಲಿ ದೊಡ್ಡ ದೊಡ್ಡ ರಂಧ್ರಗಳ ತೆಳು ಪದರ ಹಾಕುತ್ತದೆ. ಬೇಸಿಗೆಯಲ್ಲಿ ನಿಧಾನಿಸಿ ಒತ್ತಾದ, ಗಟ್ಟಿ ಪದರ ಕಟ್ಟುತ್ತದೆ. ಬಿಲ್ಲುಗಾರ ಎರಡೂ ತುದಿಗೆ ಹಿಡಿಯಿರುವ ಕತ್ತಿಯನ್ನು ಮೈಕಡೆಗೆ ಎಳೆದುಕೊಳ್ಳುತ್ತ ಮೇಲಿನ ವರ್ಷಗಳನ್ನು ಒಂದೊಂದಾಗಿ ಕಳಚುತ್ತಾನೆ. ಗಟ್ಟಿ ಪದರದಲ್ಲಿ ಕತ್ತಿ ಉದ್ದನೆಯ ನುಣುಪು ಸುರುಳಿ ಎಬ್ಬಿಸುತ್ತದೆ. ರಂಧ್ರದ ಪದರ ಬಂದ ಕೂಡಲೇ ಸದ್ದು ಬದಲು: ಕರಕರ ಎನ್ನುತ್ತದೆ, ಸುರುಳಿಯ ಬದಲು ಹುಡಿ ಬೀಳುತ್ತದೆ. ಆ ಕರಕರವನ್ನು ಕೆರೆದು ತೆಗೆದರೆ ಕೆಳಗೆ ಹಿಂದಿನ ವರ್ಷದ ಬೇಸಿಗೆ ಹೊಳೆಯುತ್ತ ಕಾಣುತ್ತದೆ. ಅಲ್ಲಿ ನಿಲ್ಲಬೇಕು. ಒಂದೇ ಒಂದು ಕಡೆ ಕತ್ತಿ ಆಳಕ್ಕೆ ಇಳಿದು ಆ ಹೊಳಪಿನ ಪದರವನ್ನು ಸೀಳಿಕೊಂಡು ಹೋದರೆ ಆ ವರ್ಷ ಕೆಟ್ಟಿತು. ಉದ್ದಕ್ಕೂ ಇನ್ನೊಂದು ವರ್ಷ ಕೆಳಗಿಳಿಯಬೇಕು. ಗಂಟು ಬಂದಲ್ಲಿ ಅದರ ಸುತ್ತ ಮರವನ್ನು ಉಬ್ಬಾಗಿಯೇ ಉಳಿಸುತ್ತಾರೆ, ಏಕೆಂದರೆ ಗಂಟಿನ ಮೇಲೆ ಉಂಗುರವೇ ಉಬ್ಬಿ ಹಾದುಹೋಗಿರುತ್ತದೆ.

ದಪ್ಪದ ವಿಷಯದಲ್ಲಿ ಮರ ಇನ್ನೂ ನಿಷ್ಠುರ. ಬಿಲ್ಲಿನ ತೋಳು ಅಗಲದಲ್ಲಿ ಎರಡರಷ್ಟಾದರೆ ಬಿಗುವೂ ಎರಡರಷ್ಟು. ದಪ್ಪದಲ್ಲಿ ಎರಡರಷ್ಟಾದರೆ ಎಂಟರಷ್ಟು. ಹೊಟ್ಟೆಯ ಕಡೆ ಅರದ ಎರಡೆಳೆತ ಹೆಚ್ಚಾದರೂ ಒಂದು ತೋಳು ಇನ್ನೊಂದಕ್ಕಿಂತ ಹೆಚ್ಚು ಬಾಗಲು ಇದೇ ಕಾರಣ. ಆದರೆ ಹೊಟ್ಟೆಯ ಕಡೆಯ ತಪ್ಪನ್ನು ಬಿಲ್ಲಿನ ಬಲ ಸ್ವಲ್ಪ ಕಳೆದು ಸರಿಪಡಿಸಬಹುದು. ಬೆನ್ನಿನ ಕಡೆಯದಕ್ಕೆ ಮದ್ದಿಲ್ಲ.

ಎಲ್ಲ ಮರಕ್ಕೂ ಚಳಿಗಾಲವೇ ಹೊತ್ತಲ್ಲ. ಹಿಕರಿ, ಎಲ್ಮ್ ಮರಗಳಲ್ಲಿ ತೊಗಟೆಯ ಕೆಳಗಿನ ಮೊದಲ ಉಂಗುರವನ್ನೇ ಬೆನ್ನಾಗಿ ಬಳಸಬಹುದು, ಬಿಳಿಮರವೇ ಸಾಕಷ್ಟು ಗಟ್ಟಿ. ಅವನ್ನು ವಸಂತದ ಕೊನೆಗೋ ಬೇಸಿಗೆಯ ಆರಂಭಕ್ಕೋ ಕಡಿದರೆ ರಸ ಏರಿರುವುದರಿಂದ ತೊಗಟೆ ಬಾಳೆಸಿಪ್ಪೆಯಂತೆ ಸುಲಿದು ಬರುತ್ತದೆ, ಕತ್ತಿ ಮುಟ್ಟಿಸದ ಬೆನ್ನು ಸಿದ್ಧ. ಡೆನ್ಮಾರ್ಕಿನ ಹೋಲ್ಮೆಗೋರ್ ಜೌಗಿನಲ್ಲಿ ಸಿಕ್ಕ, ಎಂಟೊಂಬತ್ತು ಸಾವಿರ ವರ್ಷ ಹಳೆಯ ಬಿಲ್ಲುಗಳು ಎಲ್ಮ್ ಮರದವೇ. ಲೋಹ ಕಾಣದ ಆ ಜನರ ಕೈಯಲ್ಲಿದ್ದದ್ದು ಕಲ್ಲಿನ ಉಪಕರಣ.

ಯೂ ಮರಕ್ಕೆ ಈ ಉಂಗುರ ಹುಡುಕುವ ತಾಪತ್ರಯ ಕಡಿಮೆ. ಅದರ ಬಿಳಿಮರ ಎಳೆತಕ್ಕೆ, ಕೆಂಪು ಚೇಗು ಒತ್ತಡಕ್ಕೆ ಒಗ್ಗುತ್ತದೆ. ಸರಿಯಾಗಿ ಸೀಳಿದರೆ ಬೆನ್ನು ಬಿಳಿ, ಹೊಟ್ಟೆ ಕೆಂಪು. ಎರಡು ಬಗೆಯ ಮರ ಅಂಟಿಸಿ ಮಾಡಬೇಕಾದ ಬಿಲ್ಲನ್ನು ಮರವೇ ಜೋಡಿಸಿ ಇಟ್ಟಿರುತ್ತದೆ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ, 5000 ವರ್ಷಕ್ಕೂ ಹಿಂದಿನ ಹಿಮಮಾನವ ಓಟ್ಸಿಯ ಬಳಿ ಇದ್ದದ್ದು ಯೂ ಮರದ್ದೇ ಬಿಲ್ಲು, 1.82 ಮೀಟರ್ ಉದ್ದ, ಅವನ ಎತ್ತರಕ್ಕಿಂತ ಹೆಚ್ಚು. ಅದು ಇನ್ನೂ ಮುಗಿದಿರಲಿಲ್ಲ. ಮೈಮೇಲೆ ಕೊಡಲಿಯ ಕೆತ್ತು ಸಾಲುಸಾಲಾಗಿ ಹಾಗೇ ಇದೆ. ಇಂಗ್ಲೆಂಡಿನ ಎಂಟನೇ ಹೆನ್ರಿ ದೊರೆಯ ಹಡಗು ಮೇರಿ ರೋಸ್ 1545ರಲ್ಲಿ ಮುಳುಗಿ 1982ರಲ್ಲಿ ಮೇಲೆದ್ದು ಬಂದಾಗ ಅದರೊಂದಿಗೆ ಸಿಕ್ಕ ಯೂ ಬಿಲ್ಲುಗಳು 172. ಅವುಗಳಲ್ಲಿ ಬಹುಪಾಲಿನ ಹೆದೆ ಎಳೆಯಲು 100 ಪೌಂಡಿಗೂ ಹೆಚ್ಚು ಬಲ ಬೇಕಿತ್ತೆಂದು ಲೆಕ್ಕ ಹಾಕಿದ್ದಾರೆ. ಇಂದಿನ ಹವ್ಯಾಸಿ ಬಿಲ್ಲುಗಾರರಿಗೆ ಅದರ ಅರ್ಧವೇ ಹೆಚ್ಚಾಗುತ್ತದೆ.

ಇಂಗ್ಲೆಂಡಿನ ಬಿಲ್ಲಿನ ಕೀರ್ತಿ ಎಲ್ಲರೂ ಹಾಡುತ್ತಾರೆ. ಅದರ ಮರ ಎಲ್ಲಿಂದ ಬಂತು ಎಂಬುದನ್ನು ಹೇಳುವವರು ಕಡಿಮೆ. ಒಳ್ಳೆಯ ಸೀಳು ಸಿಗುತ್ತಿದ್ದದ್ದು ಯುರೋಪಿನ ಬೆಟ್ಟಗಳ ಮೇಲೆ, ಚಳಿಯಲ್ಲಿ ನಿಧಾನಕ್ಕೆ ಬೆಳೆದು ಒತ್ತಾದ ಉಂಗುರ ಕಟ್ಟಿದ ಮರಗಳಿಂದ. 1472ರ ಒಂದು ಶಾಸನ, ಇಂಗ್ಲೆಂಡಿಗೆ ಸರಕು ತರುವ ಹಡಗುಗಳು ಟನ್ನಿಗೆ ನಾಲ್ಕು ಬಿಲ್ಲಿನ ಸೀಳು ತರಲೇಬೇಕೆಂದಿತು. ಕೆಲವೇ ವರ್ಷಗಳಲ್ಲಿ ಮೂರನೇ ರಿಚರ್ಡ್, ಮಾಮ್ಸಿ ದ್ರಾಕ್ಷಾರಸದ ಪ್ರತಿ ಪೀಪಾಯಿಗೆ ಹತ್ತು ಸೀಳು ಎಂದು ಏರಿಸಿದ. ದ್ರಾಕ್ಷಾರಸ ಕುಡಿಯುವ ಶ್ರೀಮಂತನ ಪ್ರತಿ ಬಟ್ಟಲಿಗೂ ಆಲ್ಪ್ಸ್‌ನ ಒಂದು ಮರ ಒರಗಿತು ಎಂದರೆ ಉತ್ಪ್ರೇಕ್ಷೆ, ಆದರೆ ದಿಕ್ಕು ಅದೇ. ಬೆಲೆ ಏರುತ್ತ ಹೋಯಿತು, ಕಾಡು ಕರಗುತ್ತ ಹೋಯಿತು. 1562ರಲ್ಲಿ ಬವೇರಿಯದ ಆಡಳಿತ ಚಕ್ರವರ್ತಿಗೆ ದೀರ್ಘ ಅರ್ಜಿ ಬರೆದು ಕಡಿತ ನಿಲ್ಲಿಸಿ ಎಂದು ಬೇಡಿಕೊಂಡಿತು. ಅದರಲ್ಲಿದ್ದ ಅಳಲು ಇಂದಿನ ಅರಣ್ಯಾಧಿಕಾರಿಯ ವರದಿಯಂತಿದೆ: ನಡುನಡುವೆ ಯೂ ಮರಗಳನ್ನಷ್ಟೇ ಆರಿಸಿ ಕಡಿದುದರಿಂದ ಕಾಡಿನ ಚಾವಣಿ ಹರಿದು, ಗಾಳಿ ಒಳನುಗ್ಗಿ ಪಕ್ಕದ ಮರಗಳೂ ಉರುಳಿದವು. ಕೊನೆಗೆ 1595ರಲ್ಲಿ ಇಂಗ್ಲೆಂಡಿನ ಪ್ರಿವಿ ಕೌನ್ಸಿಲ್ ತರಬೇತಿ ಪಡೆದ ದಳಗಳು ಬಿಲ್ಲು ಬಿಟ್ಟು ಬಂದೂಕು ಹಿಡಿಯಲೆಂದು ಆದೇಶಿಸಿತು. ಉಳಿದ ಯೂ ಮರಗಳ ಪಾಲಿಗೆ ಬಂದೂಕು ಒಳ್ಳೆಯದನ್ನೇ ಮಾಡಿತು.

ಇದಕ್ಕೆ ತೀರ ತದ್ವಿರುದ್ಧದ ದಾರಿ ಅಮೆರಿಕದ ನೆವಾಡದಲ್ಲಿತ್ತು, ಮರವನ್ನು ಕಡಿಯದೆಯೇ ಬಿಲ್ಲಿನ ಸೀಳು ತೆಗೆಯುವ ದಾರಿ. ಅಲ್ಲಿನ ಒಣ ಬೆಟ್ಟಗಳ ಜ್ಯೂನಿಪರ್ ಮರಗಳ ಬೊಡ್ಡೆಯಲ್ಲಿ ಉದ್ದನೆಯ, ಬಿಲ್ಲಿನಷ್ಟೇ ಅಳತೆಯ ಗಾಯದ ಗುರುತುಗಳಿವೆ. ಪುರಾತತ್ವಜ್ಞ ಫಿಲಿಪ್ ವಿಲ್ಕ್ 1988ರಲ್ಲಿ ಇವುಗಳ ಬಗ್ಗೆ ವಿವರವಾಗಿ ಬರೆದರು. ನೇರ ನಾರಿನ, ಗಂಟಿಲ್ಲದ ಒಂದು ಮಗ್ಗುಲನ್ನು ಆರಿಸಿ, ಬೇಕಾದ ಉದ್ದದ ಮೇಲೆ ಕೆಳಗೆ ಕಲ್ಲಿನ ಉಪಕರಣದಿಂದ ಅಡ್ಡ ಕಚ್ಚು ಹಾಕುವುದು. ಆ ಪಟ್ಟಿಗೆ ರಸ ನಿಲ್ಲುತ್ತದೆ. ಅದು ನಿಂತ ಮರದ ಮೇಲೆಯೇ, ತಾನು ಬೆಳೆದ ಆಕಾರದಲ್ಲೇ, ಬಾಗದೆ ತಿರುಚದೆ ಒಣಗುತ್ತದೆ. ಸಾಕಷ್ಟು ಒಣಗಿದ ಮೇಲೆ ಬೆಣೆ ಹಾಕಿ ಎಬ್ಬಿಸಿಕೊಂಡು ಹೋಗುವುದು. ಮರ ಸಾಯುವುದಿಲ್ಲ, ಪಕ್ಕದಿಂದ ಹೊಸ ಮರ ಬೆಳೆದು ಗಾಯವನ್ನು ತುಂಬುತ್ತದೆ, ಹಾಗೆ ತುಂಬಿದ ಮರ ನೇರನಾರಿನದೇ ಆದ್ದರಿಂದ ಮತ್ತೊಂದು ತಲೆಮಾರು ಅಲ್ಲೇ ಮತ್ತೊಂದು ಸೀಳು ತೆಗೆಯಬಹುದು. ಒಂದೇ ಮರದಲ್ಲಿ ಹಲವು ಗುರುತುಗಳು ಸಿಕ್ಕಿವೆ. ಜ್ಯೂನಿಪರ್ ಎಳೆತಕ್ಕೆ ಅಷ್ಟು ಗಟ್ಟಿಯಲ್ಲ. ಆ ಕೊರತೆಯನ್ನು ಅಲ್ಲಿನ ಮೂಲನಿವಾಸಿಗಳು ಬೆನ್ನಿಗೆ ಪ್ರಾಣಿಯ ಸ್ನಾಯುರಜ್ಜುಗಳನ್ನು ಅಂಟಿಸಿ ತುಂಬಿಕೊಂಡರು. 1911ರಲ್ಲಿ ಕ್ಯಾಲಿಫೋರ್ನಿಯದ ಒರೊವಿಲ್ ಬಳಿ ಒಂಟಿಯಾಗಿ ಹೊರಬಂದ ಯಾಹಿ ಬುಡಕಟ್ಟಿನ ಇಶಿ, ತನ್ನ ಡಾಕ್ಟರ್ ಗೆಳೆಯ ಸ್ಯಾಕ್ಸ್‌ಟನ್ ಪೋಪ್‌ಗೆ ಕಲಿಸಿಕೊಟ್ಟದ್ದೂ ಇಂಥದೇ ಬಿಲ್ಲಿನ ವಿದ್ಯೆ. ಇಂದು ಅಮೆರಿಕದಲ್ಲಿ ಬಿಲ್ಲು ಮಾಡುವ ಹವ್ಯಾಸಿಗಳ ಗುರುಪರಂಪರೆಯಲ್ಲಿ ಆ ಇಬ್ಬರೂ ಇದ್ದಾರೆ.

ನಮ್ಮಲ್ಲಿ? ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ, ಆಯುಧಾಗಾರದ ಪ್ರಕರಣದಲ್ಲಿ ಬಿಲ್ಲಿಗೆ ನಾಲ್ಕು ವಸ್ತುಗಳನ್ನು ಹೇಳುತ್ತದೆ: ತಾಳೆ, ಬಿದಿರು, ಮರ, ಕೊಂಬು. ಈ ನಾಲ್ಕರಲ್ಲಿ ಇಂದಿಗೂ ನೆಲೆ ನಿಂತದ್ದು ಬಿದಿರು. ದೇಶದೊಳಗಿನ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ 'ಇಂಡಿಯನ್ ರೌಂಡ್' ಎಂಬ ವಿಭಾಗವೇ ಇದೆ, ಅಲ್ಲಿ ಬಿದಿರಿನ ಬಿಲ್ಲು. ಲಕ್ಷಗಟ್ಟಲೆ ಬೆಲೆಯ ವಿದೇಶಿ ಬಿಲ್ಲು ಕೊಳ್ಳಲಾಗದ ಮಕ್ಕಳು ಮೊದಲು ಹಿಡಿಯುವುದು ಅದನ್ನೇ.

ಬಿದಿರಿಗೆ ಉಂಗುರವಿಲ್ಲ, ಚೇಗಿಲ್ಲ. ಗೆಣ್ಣಿನಿಂದ ಗೆಣ್ಣಿಗೆ ನಾರು ನೇರ, ಮಚ್ಚಿನ ಒಂದು ಪೆಟ್ಟಿಗೆ ಸೀಳುತ್ತದೆ. ಅದರ ಗಟ್ಟಿ ನಾರೆಲ್ಲ ಹೊರಮೈಯಲ್ಲಿ ಒತ್ತಾಗಿದೆ, ಒಳಕ್ಕೆ ಹೋದಂತೆ ವಿರಳ. ಆದ್ದರಿಂದ ಬಿದಿರಿನ ಹೊರಮೈ ಬಿಲ್ಲಿನ ಬೆನ್ನು. ಚೆಂದಕ್ಕೆಂದು ಅದನ್ನು ಕೆರೆದು ನುಣುಪು ಮಾಡಿದವರು ಬಿಲ್ಲಿನ ಗಟ್ಟಿ ಭಾಗವನ್ನೇ ಕೆರೆದು ಬಿಸಾಡಿದಂತೆ. ಕಡಿಯುವ ಹೊತ್ತಿನ ಲೆಕ್ಕ ಇಲ್ಲೂ ಇದೆ. ಎಳೆಯದು ಬೇಡ, ಮೂರು ವರ್ಷ ದಾಟಿರಬೇಕು, ಮಳೆಗಾಲದಲ್ಲಿ ಬೇಡ. ಹಳಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹುಣ್ಣಿಮೆಯ ಆಚೀಚೆ ಬಿದಿರು ಮುಟ್ಟುವುದಿಲ್ಲ, ಕುಟ್ಟೆ ಹಿಡಿಯುತ್ತದೆ ಎನ್ನುತ್ತಾರೆ. ಚಂದ್ರನ ಮಾತು ಹೇಗೇ ಇರಲಿ, ಕುಟ್ಟೆ ಹುಳು ಬರುವುದು ಬಿದಿರಿನೊಳಗಿನ ಪಿಷ್ಟಕ್ಕಾಗಿ. ಪಿಷ್ಟ ಕಡಿಮೆಯಿರುವ ಕಾಲದಲ್ಲಿ ಕಡಿದದ್ದು, ಹರಿಯುವ ನೀರಿನಲ್ಲಿ ಕೆಲವು ವಾರ ನೆನೆಸಿದ್ದು ಹೆಚ್ಚು ಕಾಲ ಬಾಳುತ್ತದೆ.

ಓದಿ ಉತ್ಸಾಹ ಬಂದು, ಹಿತ್ತಲ ಮರಕ್ಕೆ ಕೊಡಲಿ ಎತ್ತುವವರಿಗೆ ಒಂದು ಮಾತು. 1976ರ ಕರ್ನಾಟಕ ಮರ ಸಂರಕ್ಷಣೆ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರವಾದರೂ ಹಲವು ಜಾತಿಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಗಾಳಿಮಳೆಗೆ ತಾನೇ ಬಿದ್ದ ಮರ, ಕೊಂಬೆ ಸವರಿದಾಗ ಸಿಕ್ಕ ಗಳ, ಮನೆ ಕಟ್ಟುವವರು ಬಿಟ್ಟುಹೋದ ಬಿದಿರು ಇವುಗಳಿಂದ ಕೈ ಪಳಗಿಸಿಕೊಳ್ಳಬಹುದು. ಸಾಮಿಲ್‌ನಲ್ಲಿ ಹಲಗೆ ಕೊಳ್ಳುವುದಾದರೆ ಅಗಲದ ಮುಖವನ್ನಷ್ಟೇ ನೋಡಿ ಮರುಳಾಗದೆ ಅಂಚನ್ನು ತಿರುಗಿಸಿ ನೋಡಿ. ಗೆರೆಗಳು ಈ ತುದಿಯಲ್ಲಿ ಹೊಕ್ಕು ಆ ತುದಿಯಲ್ಲಿ ಹೊರಬಿದ್ದರೆ ಕೊಳ್ಳಿ. ನಡುವೆ ಪಕ್ಕಕ್ಕೆ ಜಾರಿಹೋಗಿದ್ದರೆ ಆ ಹಲಗೆ ಪುಸ್ತಕದ ಗೂಡಿಗೆ ಚೆನ್ನಾಗಿ ಒದಗುತ್ತದೆ.